ಚದರಕ್ಕೆ ಎಷ್ಟು ಅಂತ ಕೇಳುವ ಮುಂಚೆ

ಮನೆ ಕಟ್ಟಿಸಬೇಕು ಅಂತ ಬರುವವರ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: 'ಚದರಕ್ಕೆ ಎಷ್ಟಾಗುತ್ತೆ ಸಾರ್?' ಚದರ ಅಂದ್ರೆ ನೂರು ಚದರಡಿ. ಹಿಂದಿನ ಬೀದಿಯವರು ಎರಡು ಲಕ್ಷಕ್ಕೆ ಮುಗಿಸಿದರಂತೆ, ಭಾವಮೈದ ಎರಡೂವರೆ ಕೊಟ್ಟನಂತೆ, ನೀವು ಎಷ್ಟಕ್ಕೆ ಮಾಡಿಸಿಕೊಡ್ತೀರಿ? ಮೈಸೂರಿನಲ್ಲಿ ಮನೆಗಳ ಪ್ಲಾನು, ಉಸ್ತುವಾರಿ ನೋಡಿಕೊಳ್ಳುವ ಎಂಜಿನಿಯರ್ ನಾನು. ಒಂದು ಅಂಕಿ ಹೇಳೋದು ಕಷ್ಟವಲ್ಲ. ಆದರೆ ಅದನ್ನು ಕೇಳಿಸಿಕೊಂಡು ಹೋದವರಿಗೆ ಮನೆಯ ಖರ್ಚು ಗೊತ್ತಾಗಿರಲ್ಲ. ರೇಟಿನಲ್ಲಿ ಎಲ್ಲರೂ ಚೌಕಾಸಿ ಮಾಡುತ್ತಾರೆ. ಆ ರೇಟನ್ನು ಯಾವ ಅಳತೆಗೆ ಗುಣಿಸುತ್ತಾರೆ ಅಂತ ಕೇಳುವವರು ತೀರಾ ಕಮ್ಮಿ.

ಒಂದು ಲೆಕ್ಕ ನೋಡಿ. 30-40 ಸೈಟು. ಸುತ್ತ ಜಾಗ ಬಿಟ್ಟು ಗೋಡೆಯ ಹೊರಮೈ ಅಳೆದರೆ 25 ಅಡಿ ಅಗಲ, 33 ಅಡಿ ಉದ್ದ. ಒಟ್ಟು 825 ಚದರಡಿ. ಆದರೆ ತಾರಸಿ ಗೋಡೆಗೇ ನಿಲ್ಲಲ್ಲ. ಮುಂದಕ್ಕೆ 3 ಅಡಿ, ಒಂದು ಪಕ್ಕಕ್ಕೆ 2 ಅಡಿ ಚಾಚಿದೆ ಅಂತ ಇಟ್ಟುಕೊಳ್ಳಿ. ತಾರಸಿಯ ಅಂಚಿಗೆ ಟೇಪ್ ಹಿಡಿದರೆ 27ಕ್ಕೆ 36, ಅಂದ್ರೆ 972 ಚದರಡಿ. ವ್ಯತ್ಯಾಸ 147. ಚದರಡಿಗೆ 2,000 ರೂಪಾಯಿ ರೇಟಾದರೆ ಒಂದು ಅಂತಸ್ತಿಗೇ 2,94,000. ಎರಡು ಅಂತಸ್ತಿಗೆ ಹತ್ತಿರ ಹತ್ತಿರ ಆರು ಲಕ್ಷ. ಇದನ್ನು ಮೋಸ ಅನ್ನೋಕಾಗಲ್ಲ. ಅಂಚಿಗೆ ಅಳೆಯೋದು ಗುತ್ತಿಗೆದಾರರಲ್ಲಿ ವಾಡಿಕೆ, ಚಾಚಿದ ಭಾಗಕ್ಕೂ ಕಂಬಿ, ಕಾಂಕ್ರೀಟ್ ಹೋಗಿರುತ್ತೆ. ಆದರೆ ಅಲ್ಲಿ ಗೋಡೆ ಇಲ್ಲ, ಟೈಲ್ಸ್ ಇಲ್ಲ, ವೈರಿಂಗ್ ಇಲ್ಲ. ಅದಕ್ಕೆ ಅರ್ಧ ರೇಟು ಅಂತ ಮೊದಲೇ ಮಾತಾಡಿಕೊಳ್ಳಬಹುದು. ಮೆಟ್ಟಿಲ ಮೇಲಿನ ಹೆಡ್‌ರೂಮ್, ಬಾಲ್ಕನಿ, ಡಬಲ್ ಹೈಟ್ ಹಾಲಿನ ಖಾಲಿ ಜಾಗ, ಇವನ್ನೂ ಹಾಗೇ ಒಂದೊಂದಾಗಿ ಕೇಳಿ ಬರೆಸಿಕೊಳ್ಳಿ. ಕೊನೆಯ ಬಿಲ್ ಬಂದಾಗ ಕೇಳಿದರೆ ಜಗಳ ಆಗುತ್ತೆ, ಅಷ್ಟೇ.

ಈ ಆರು ಲಕ್ಷದ ಪಕ್ಕದಲ್ಲಿ ಸಿಮೆಂಟನ್ನು ಇಟ್ಟು ನೋಡಿ. ಸಾಮಾನ್ಯ ಮನೆಗೆ ಚದರಡಿಗೆ ಸುಮಾರು 0.4 ಮೂಟೆ ಸಿಮೆಂಟ್, ಮೂರೂವರೆ ನಾಲ್ಕು ಕೆಜಿ ಕಂಬಿ ಅನ್ನೋದು ನಮ್ಮಲ್ಲಿ ಓಡಾಡುವ ಅಂದಾಜು. 1,500 ಚದರಡಿಗೆ 600 ಮೂಟೆ ಆಯಿತು. ಮೂಟೆಗೆ 20 ರೂಪಾಯಿ ಉಳಿಸೋಕೆ ಊರೆಲ್ಲ ಸುತ್ತಿದರೆ ಉಳಿಯೋದು 12,000. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿಯಿತು. ಇನ್ನೇನು ಮನೆ ಅಗ್ಗ ಆಗಿಬಿಡುತ್ತೆ ಅಂತ ತುಂಬಾ ಜನ ಅಂದುಕೊಂಡರು. ತೆರಿಗೆ ಬಿಟ್ಟು 280 ರೂಪಾಯಿ ಇರುವ ಮೂಟೆಗೆ ಇಳಿಯೋದು 28 ರೂಪಾಯಿ, ಅದೂ ಅಂಗಡಿಯವರು ಪೂರ್ತಿ ಬಿಟ್ಟುಕೊಟ್ಟರೆ. 600 ಮೂಟೆಗೆ 16,800. ಬೇಡ ಅನ್ನಲ್ಲ. ಆದರೆ ಖರ್ಚು ಕೈಮೀರೋದು ಸಿಮೆಂಟಿನಿಂದ ಅಲ್ಲ.

ಜಿಎಸ್‌ಟಿ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡ್ತೀನಿ. ಸ್ವಂತಕ್ಕೆ ಒಂದೇ ಮನೆ ಕಟ್ಟಿಸುವಾಗ ಬರೀ ಕೂಲಿ ಗುತ್ತಿಗೆ ಕೊಟ್ಟರೆ ಆ ಕೂಲಿಗೆ ಜಿಎಸ್‌ಟಿ ಇಲ್ಲ. ಸಾಮಾನು ಸಮೇತ ಕೊಟ್ಟರೆ, ನೋಂದಾಯಿತ ಗುತ್ತಿಗೆದಾರ ಶೇ 18 ಸೇರಿಸಿ ಬಿಲ್ ಮಾಡಬೇಕು. ಕೊಟೇಷನ್ನಿನಲ್ಲಿ ಅದು ಸೇರಿದೆಯೋ ಇಲ್ಲವೋ ನೋಡಿ. ಕೆಳಗೆ ಸಣ್ಣ ಅಕ್ಷರದಲ್ಲಿ 'ತೆರಿಗೆ ಪ್ರತ್ಯೇಕ' ಅಂತ ಇದ್ದರೆ 30 ಲಕ್ಷದ ಮನೆಗೆ ಐದು ಲಕ್ಷ ನಲವತ್ತು ಸಾವಿರ ಮೇಲೆ ಬಿತ್ತು ಅಂತಲೇ ಲೆಕ್ಕ.

ಇನ್ನು ರೇಟಿನೊಳಗೆ ಸೇರದ ಸಾಮಾನುಗಳು. ಸಂಪ್, ಕಾಂಪೌಂಡ್ ಗೋಡೆ, ಗೇಟು, ಮುಂದಿನ ಇಳಿಜಾರು, ಮಳೆನೀರಿನ ಗುಂಡಿ, ಬೋರ್‌ವೆಲ್, ಎಲಿವೇಷನ್‌ಗೆ, ಅಂದ್ರೆ ಮನೆಯ ಮುಂಭಾಗಕ್ಕೆ ಅಂಟಿಸುವ ಕಲ್ಲು, ಅಡುಗೆಮನೆಯ ಕಪಾಟು, ಕರೆಂಟ್-ನೀರು-ಒಳಚರಂಡಿಯ ಠೇವಣಿ, ಪ್ಲಾನ್ ಮಂಜೂರಾತಿಯ ಶುಲ್ಕ. ಇವುಗಳಲ್ಲಿ ಹೆಚ್ಚಿನವು ಚದರಡಿ ಲೆಕ್ಕದ ಹೊರಗೇ ಇರ್ತವೆ. ಒಳಗೆ ಸೇರಿದ ಸಾಮಾನಿಗೂ ಒಂದು ಮಿತಿ ಹಾಕಿರ್ತಾರೆ. ಉದಾಹರಣೆಗೆ 'ಟೈಲ್ಸ್ ಚದರಡಿಗೆ 50 ರೂಪಾಯಿವರೆಗೆ'. ಮನೆಯವರೆಲ್ಲ ಶೋರೂಮಿಗೆ ಹೋಗ್ತಾರೆ, ಮನಸ್ಸಿಗೆ ಹಿಡಿಸಿದ್ದು 85ರದ್ದು. 1,500 ಚದರಡಿಗೆ 52,500 ಜಾಸ್ತಿ. ಒಡೆಯುವ, ಕತ್ತರಿಸಿ ಹಾಳಾಗುವ ಟೈಲ್ಸು ಬೇರೆ. ಮುಂಬಾಗಿಲಿನ ತೇಗ, ಸ್ವಿಚ್ಚು, ನಲ್ಲಿ, ಗ್ರಾನೈಟು, ಎಲ್ಲ ಕಡೆಯೂ ಇದೇ ಕಥೆ. ನನ್ನ ಸಲಹೆ ಇಷ್ಟು: ಸಹಿ ಹಾಕುವ ಮುಂಚೆ ಒಂದು ಭಾನುವಾರ ಇಡೀ ಕುಟುಂಬ ಟೈಲ್ಸ್ ಅಂಗಡಿಗೆ ಹೋಗಿ ಬನ್ನಿ. ಕೊಳ್ಳಬೇಡಿ, ಸುಮ್ನೆ ನೋಡಿ. ನಿಮಗೆ ಇಷ್ಟವಾಗುವ ಸಾಮಾನಿನ ರೇಟು ಯಾವ ಮಟ್ಟದ್ದು ಅಂತ ನಿಮಗೇ ಗೊತ್ತಾಗುತ್ತೆ.

ಮೊದಲ ಬಜೆಟ್ಟನ್ನು ತಲೆಕೆಳಗು ಮಾಡೋದು ಮಾತ್ರ ಸಾಮಾನ್ಯವಾಗಿ ಮಣ್ಣು. ಗಟ್ಟಿ ಕೆಂಪು ಮಣ್ಣು ಸಿಕ್ಕರೆ ಐದಡಿ ಒಳಗೆ ಪಾಯದ ಮಾತು ಮುಗಿಯುತ್ತೆ. ಹಳೆಯ ಕೆರೆ ಅಂಗಳವನ್ನೋ ಕಲ್ಲುಕ್ವಾರಿಯನ್ನೋ ಮುಚ್ಚಿ ಮಾಡಿದ ಬಡಾವಣೆಯಾದರೆ ಎಂಟಡಿ ಅಗೆದರೂ ತುಂಬಿದ ಮಣ್ಣೇ ಬರುತ್ತೆ. ಚಾಮರಾಜನಗರದ ಕಡೆಯ ಕಪ್ಪು ಮಣ್ಣು, ಗದಗ-ಹುಬ್ಬಳ್ಳಿ ಕಡೆಯ ಎರೆಮಣ್ಣು ಇನ್ನೊಂದು ಥರ. ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಬಿರಿಯುತ್ತೆ, ಅದರ ಜೊತೆ ಮೇಲಿನ ಗೋಡೆಯೂ ಬಿರಿಯುತ್ತೆ. ಕೆಲವು ಸೈಟುಗಳಲ್ಲಿ ಮೂರಡಿಗೇ ಬಂಡೆ. ಕರಾರಿನಲ್ಲಿ 'ಪಾಯ 5 ಅಡಿವರೆಗೆ' ಅಂತ ಇರುತ್ತೆ, ಅದಕ್ಕಿಂತ ಕೆಳಗೆ ಹೋದರೆ ಅಡಿಗಿಷ್ಟು ಅಂತ ಬೇರೆ ದುಡ್ಡು. ಸೈಟಿನ ಎರಡು ಮೂಲೆಯಲ್ಲಿ ಜೆಸಿಬಿಯಿಂದ ಒಂದೊಂದು ಗುಂಡಿ ತೆಗೆಸಿ ನೋಡೋಕೆ ಒಂದೆರಡು ಗಂಟೆಯ ಬಾಡಿಗೆ ಸಾಕು. ಪ್ಲಾನು ಬರೆಸುವ ಮುಂಚೆ, ಆಗೋದಾದ್ರೆ ಸೈಟು ಕೊಳ್ಳುವ ಮುಂಚೆಯೇ, ಅಲ್ಲಿ ಮನೆ ಕಟ್ಟಿದ ಪಕ್ಕದವರನ್ನು ಪಾಯ ಎಷ್ಟು ಆಳ ಹೋಯಿತು ಅಂತ ಕೇಳಿ. ಅದಕ್ಕೆ ಖರ್ಚೂ ಇಲ್ಲ.

ಸಾಲ ಇದೆಯಲ್ಲ, ದುಡ್ಡಿನ ತೊಂದರೆ ಏನು ಅಂತ ಕೇಳ್ತಾರೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲ ಆಸ್ತಿ ಬೆಲೆಯ ಶೇ 90 ದಾಟುವಂತಿಲ್ಲ. 30ರಿಂದ 75 ಲಕ್ಷದವರೆಗೆ ಶೇ 80, ಅದಕ್ಕೂ ಮೇಲೆ ಶೇ 75. ಉಳಿದದ್ದು ನಿಮ್ಮ ಕೈಯಿಂದ, ಅದೂ ಮೊದಲೇ. ಅದಕ್ಕಿಂತ ದೊಡ್ಡ ಫಜೀತಿ ಇನ್ನೊಂದಿದೆ. ಬ್ಯಾಂಕು ಒಂದು ಹಂತ ಮುಗಿದ ಮೇಲೆ ದುಡ್ಡು ಬಿಡುತ್ತೆ, ಗುತ್ತಿಗೆದಾರ ಆ ಹಂತ ಶುರು ಮಾಡುವ ಮುಂಚೆ ಕೇಳ್ತಾನೆ. ಬ್ಯಾಂಕಿನ ಎಂಜಿನಿಯರ್ ಬಂದು ನೋಡಿ, ವರದಿ ಬರೆದು, ದುಡ್ಡು ಖಾತೆಗೆ ಬೀಳುವಷ್ಟರಲ್ಲಿ ಗಾರೆಯವರು ಇನ್ನೊಂದು ಸೈಟಿಗೆ ಹೋಗಿರ್ತಾರೆ. ಹೋದವರು ವಾಪಸ್ ಬರೋದು ಯುಗಾದಿ, ಊರ ಜಾತ್ರೆ ಎಲ್ಲ ಮುಗಿಸಿಕೊಂಡೇ. ಒಂದು ಹಂತಕ್ಕೆ ಬೇಕಾದಷ್ಟು ದುಡ್ಡು ಯಾವಾಗಲೂ ನಿಮ್ಮ ಹತ್ತಿರ ಇರಲಿ ಅನ್ನೋದು ಅದಕ್ಕೇ. ಮತ್ತೆ, ತಾರಸಿ ಬಿದ್ದ ತಕ್ಷಣ ಮನೆ ಮುಗಿದೇ ಹೋಯಿತು ಅನ್ನಿಸುತ್ತೆ. ಇಲ್ಲ. ಅಲ್ಲಿಗೆ ಖರ್ಚಾಗಿರೋದು ಹೆಚ್ಚುಕಮ್ಮಿ ಅರ್ಧ.

ಕೂಲಿ ಗುತ್ತಿಗೆಯೋ ಸಾಮಾನು ಸಮೇತವೋ? ಮನೆಯಲ್ಲಿ ದಿನಾ ಸೈಟಿಗೆ ಹೋಗಿ ನಿಲ್ಲುವವರು ಒಬ್ಬರಿದ್ದರೆ ಕೂಲಿ ಗುತ್ತಿಗೆ ಒಳ್ಳೆಯದು. ನಿವೃತ್ತರಾದ ಅಪ್ಪ ಅಥವಾ ಮಾವ ಇದ್ದರೆ ನಿಮ್ಮ ಪುಣ್ಯ. ಲೋಡು ಬಂದಾಗ ಎಣಿಸಬೇಕು, ಎಂ-ಸ್ಯಾಂಡಿನ ಲಾರಿ ಅಳೆಯಬೇಕು, ಕಂಬಿ ತೂಗಿಸಬೇಕು. 8 ಮಿ.ಮೀ.ನ 12 ಮೀಟರ್ ಕಂಬಿ ಸುಮಾರು 4.7 ಕೆಜಿ ತೂಗಬೇಕು, 12 ಮಿ.ಮೀ.ನದ್ದು 10.7 ಕೆಜಿ. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಅಂತ ಸಿಗುತ್ತೆ, ಫೋನಿನಲ್ಲೇ ಲೆಕ್ಕ ಹಾಕಬಹುದು. ಗಂಡ ಹೆಂಡತಿ ಇಬ್ಬರೂ ಬೆಳಗ್ಗೆ ಎಂಟಕ್ಕೆ ಕೆಲಸಕ್ಕೆ ಹೋಗುವವರಾದರೆ ಈ ತಲೆನೋವು ಬೇಡ. ಸಾಮಾನು ಸಮೇತ ಕೊಟ್ಟು, ಗುತ್ತಿಗೆದಾರನಿಗೆ ಸಂಬಂಧವಿಲ್ಲದ ಎಂಜಿನಿಯರ್ ಒಬ್ಬರನ್ನು ತಪಾಸಣೆಗೆ ಇಟ್ಟುಕೊಳ್ಳಿ. ನನ್ನ ಕಸುಬಿನ ಪರ ಮಾತಾಡ್ತಿದ್ದೀನಿ ಅನ್ನಿಸಿದರೆ ಅನ್ನಿಸಲಿ.

ಯಾವ ಗುತ್ತಿಗೆಯಾದರೂ ತಾರಸಿ ಹಾಕುವ ದಿನ ಮಾತ್ರ ರಜೆ ಹಾಕಿ. ಮೇಸ್ತ್ರಿಗಳ ಬಾಯಲ್ಲಿ ಅದು ಮೋಲ್ಡ್. ಪೂಜೆ, ಊಟ, ಸಿಹಿ ಎಲ್ಲ ಇರಲಿ. ಅದಕ್ಕೂ ಮುಂಚೆ, ಹಿಂದಿನ ಸಂಜೆಯೇ, ಮೇಲೆ ಹತ್ತಿ ಬಗ್ಗಿ ನೋಡಿ. ಕಂಬಿಯ ಜಾಲ ಕಾಂಕ್ರೀಟ್ ಸುರಿಯೋಕೆ ಹಾಸಿದ ಸೆಂಟ್ರಿಂಗ್ ಶೀಟಿಗೆ ತಾಗಿರಬಾರದು, ಕೆಳಗೆ ಕಂಬಿಯನ್ನು ಎತ್ತಿ ಹಿಡಿಯುವ 20 ಮಿ.ಮೀ. ದಪ್ಪದ ತುಂಡು, ಅಂದ್ರೆ ಕವರ್ ಬ್ಲಾಕ್ ಇರಬೇಕು. ಅದರ ಬದಲು ಜಲ್ಲಿ ಚೂರು ಸಿಕ್ಕಿಸಿದ್ದರೆ ನಾಲ್ಕು ಜನ ಓಡಾಡಿದಾಗ ಜಾರಿಕೊಳ್ಳುತ್ತೆ, ಕಂಬಿ ಶೀಟಿಗೆ ಕೂರುತ್ತೆ. ಹಳೇ ಮನೆಗಳಲ್ಲಿ ಬಚ್ಚಲಿನ ಮೇಲ್ಗಡೆ ಗಾರೆ ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತಲ್ಲ, ಅದರ ಶುರು ಎಷ್ಟೋ ಸಲ ಇಲ್ಲೇ. ಬಾಲ್ಕನಿಯಲ್ಲಿ ಇದು ಇನ್ನೂ ಅಪಾಯ. ಚಾಚಿದ ಭಾಗದಲ್ಲಿ ಮುಖ್ಯ ಕಂಬಿ ಮೇಲ್ಭಾಗದಲ್ಲಿರಬೇಕು. ಅದಕ್ಕೆ ಸರಿಯಾದ ಆಸರೆ ಇಡದೆ ಜನ ತುಳಿದರೆ ಕೆಳಗಿಳಿಯುತ್ತೆ, ಆಮೇಲೆ ಅದು ಇದ್ದೂ ಇಲ್ಲದಂತೆ. ಕಾಂಕ್ರೀಟ್ ಕಲಸುವಾಗ ಕೈಗೆ ಸಲೀಸಾಗಲಿ ಅಂತ ಇನ್ನೊಂದು ಬಕೆಟ್ ನೀರು ಸುರಿಯುವವರು ಇದ್ದೇ ಇರ್ತಾರೆ. ಬೇಡ ಅನ್ನಿ. ನೀರು ಹೆಚ್ಚಿದಷ್ಟೂ ಕಾಂಕ್ರೀಟಿನ ಕಸುವು ಕಮ್ಮಿ.

ಮಾರನೇ ದಿನದಿಂದ ನೀರು ಬೇಕೇ ಬೇಕು, ಈ ಸಲ ಮೇಲಿನಿಂದ. ಈಗ ಹೆಚ್ಚಿನ ಮನೆಗಳಿಗೆ ಬಳಸೋದು ಪಿಪಿಸಿ, ಅಂದ್ರೆ ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟ್. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಇಂಥ ಸಿಮೆಂಟಿಗೆ ಕನಿಷ್ಠ 10 ದಿನ ಕ್ಯೂರಿಂಗ್ ಮಾಡಬೇಕು, ಅಂದ್ರೆ ಕಾಂಕ್ರೀಟನ್ನು ಒದ್ದೆಯಾಗಿಡಬೇಕು, 14 ದಿನ ಮಾಡಿದರೆ ಒಳ್ಳೆಯದು. ತಾರಸಿ ಮೇಲೆ ಪಾತಿ ಕಟ್ಟಿ ನೀರು ನಿಲ್ಲಿಸಿ, ಪಿಲ್ಲರಿಗೆ ಗೋಣಿಚೀಲ ಸುತ್ತಿ ಒದ್ದೆ ಮಾಡಿ. ಬೆಳಗ್ಗೆ ಒಂದು ಸಲ ಪೈಪ್ ಹಿಡಿದು ಹೋಗೋದು ಕ್ಯೂರಿಂಗ್ ಅಲ್ಲ. ಟ್ಯಾಂಕರ್ ದುಡ್ಡು ಉಳಿಸುವ ಜಾಗವೂ ಇದಲ್ಲ.

ಕಾಗದಪತ್ರದ ವಿಷಯ ಚಿಕ್ಕದಾಗಿ. ಇ-ಖಾತೆ, ಮಂಜೂರಾದ ಪ್ಲಾನು ಇಲ್ಲದೆ ಗುದ್ದಲಿಪೂಜೆ ಮಾಡಬೇಡಿ. ಕಟ್ಟಡ ಮಂಜೂರಾದ ಪ್ಲಾನಿನಂತೆ ಇದೆ ಅಂತ ಪಾಲಿಕೆ ಕೊಡುವ ಸ್ವಾಧೀನಾನುಭವ ಪತ್ರ (ಒಸಿ) ನೋಡಿಯೇ ಕರೆಂಟು, ನೀರಿನ ಸಂಪರ್ಕ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಹೇಳಿದ ಮೇಲೆ ಎಷ್ಟೋ ಮನೆಗಳು ಕಟ್ಟಿ ಮುಗಿದರೂ ಕಾಯಂ ಮೀಟರ್ ಇಲ್ಲದೆ ಕೂತವು. ಸಣ್ಣ ಸೈಟಿನವರಿಗೆ ಆಮೇಲೆ ವಿನಾಯಿತಿ ಸಿಕ್ಕಿದೆ. ನಿಮ್ಮ ಅಳತೆ ಅದರೊಳಗೆ ಬರುತ್ತಾ ಅಂತ ಪಾಲಿಕೆಯಲ್ಲೂ ಸೆಸ್ಕ್ (ನಮ್ಮ ಕಡೆಯ ವಿದ್ಯುತ್ ನಿಗಮ) ಕಚೇರಿಯಲ್ಲೂ ಮೊದಲೇ ವಿಚಾರಿಸಿ. ಪಕ್ಕದವರು ಸೆಟ್‌ಬ್ಯಾಕ್, ಅಂದ್ರೆ ಮನೆ ಸುತ್ತ ಬಿಡಬೇಕಾದ ಜಾಗ ಬಿಟ್ಟಿಲ್ಲ ಅಂತ ನೀವೂ ಒಂದಡಿ ಒತ್ತಬೇಡಿ.

ಕೊನೆಗೆ ಕಂತಿನ ವಿಷಯ. ಗುತ್ತಿಗೆದಾರರ ಪಟ್ಟಿಯಲ್ಲಿ ಮೊದಲ ಕಂತುಗಳು ದಪ್ಪ, ಕೊನೆಯವು ಸಣ್ಣ. ಗಾರೆ, ಬಣ್ಣದ ಹೊತ್ತಿಗೆ ಅವರಿಗೆ ಬರಬೇಕಾದದ್ದು ಏನೂ ಉಳಿದಿರಲ್ಲ, ಫೋನ್ ಎತ್ತೋದೂ ಕಮ್ಮಿಯಾಗುತ್ತೆ. ಕಂತನ್ನು ಆದ ಕೆಲಸಕ್ಕೆ ಹೊಂದಿಸಿ, ಒಟ್ಟು ಮೊತ್ತದ ಶೇ 5ರಷ್ಟನ್ನು ಒಂದು ಮಳೆಗಾಲ ಕಳೆಯುವವರೆಗೆ ತಡೆಹಿಡಿಯುತ್ತೇವೆ ಅಂತ ಕರಾರಿನಲ್ಲೇ ಬರೆಸಿ. ಆಷಾಢದ ಮುಂಚೆ ಗೃಹಪ್ರವೇಶ ಆಗಲೇಬೇಕು ಅಂತ ಮುಹೂರ್ತ ಇಟ್ಟುಕೊಂಡು ಹಸಿ ಗಾರೆ ಮೇಲೆ ಬಣ್ಣ ಹೊಡೆಸಿದರೆ, ಆ ಮಳೆಗಾಲದಲ್ಲಿ ಬಣ್ಣ ಚಕ್ಕೆ ಏಳೋದಕ್ಕೆ ಗುತ್ತಿಗೆದಾರನನ್ನು ಬೈಯಬೇಡಿ.

ಇನ್ನೊಂದು ಕೆಲಸ ಇದೆ, ಅರ್ಧ ಗಂಟೆಯದು. ಗೋಡೆಗೆ ಗಾರೆ ಹಾಕುವ ಹಿಂದಿನ ದಿನ, ಪೈಪು ಮತ್ತು ವೈರಿಂಗ್ ಓಡಿರುವ ಪ್ರತಿ ಗೋಡೆಗೂ ಟೇಪ್ ಹಿಡಿದು, ನೆಲದಿಂದ ಮತ್ತು ಮೂಲೆಯಿಂದ ಎಷ್ಟು ದೂರ ಅಂತ ಅಂಕಿ ಕಾಣುವ ಹಾಗೆ ಫೋಟೊ ತೆಗೆದು ಇಡಿ. ಗೀಸರ್, ಟಿವಿ, ದೇವರ ಫೋಟೊ ತೂಗುಹಾಕಲು ಡ್ರಿಲ್ಲಿಂಗ್‌ನವನು ಬಂದಾಗ 'ಇಲ್ಲಿ ಪೈಪ್ ಇದೆಯಾ ಸಾರ್?' ಅಂತ ಕೇಳ್ತಾನೆ, ಆಗ ಬೇಕಾಗುತ್ತೆ.