ಊರು ಬೇರೆ, ಜೋಕು ಅದೇ: ಯುರೋಪಿನ 'ಪೆದ್ದರ ಊರು'ಗಳ ಹಿಂದಿನ ಕಥೆ

ಸಮುದ್ರದಲ್ಲಿ ಉಬ್ಬರ ಇಳಿತ ಯಾಕೆ ಆಗುತ್ತದೆ? ಜರ್ಮನಿಯಲ್ಲಿ ಈ ಪ್ರಶ್ನೆಗೆ ಎರಡು ಉತ್ತರ ಇವೆ. ಒಂದು ಚಂದ್ರನದು. ಇನ್ನೊಂದು ಓಸ್ಟ್‌ಫ್ರೀಸ್‌ಲಾಂಡ್ ಜನರದು. ಸಮುದ್ರ ಮೊದಲ ಸಲ ಈ ಜನರನ್ನು ನೋಡಿ ಹೆದರಿ ಓಡಿಹೋಯಿತಂತೆ. ಆಮೇಲಿಂದ ದಿನಕ್ಕೆ ಎರಡು ಸಲ ಬಂದು, ಇವರು ಇನ್ನೂ ಇಲ್ಲೇ ಇದ್ದಾರಾ ಅಂತ ಇಣುಕಿ ನೋಡಿ ವಾಪಸ್ ಹೋಗುತ್ತದಂತೆ.

ಓಸ್ಟ್‌ಫ್ರೀಸ್‌ಲಾಂಡ್ ಇರುವುದು ಜರ್ಮನಿಯ ವಾಯವ್ಯ ಮೂಲೆಯಲ್ಲಿ, ನೆದರ್‌ಲ್ಯಾಂಡ್ಸ್ ಗಡಿಯ ಪಕ್ಕ. ಎತ್ತ ನೋಡಿದರೂ ಚಪ್ಪಟೆ ನೆಲ, ಹುಲ್ಲುಗಾವಲು, ಹಸು, ಗಾಳಿ. ಸಮುದ್ರದ ನೀರು ಹೊಲಕ್ಕೆ ನುಗ್ಗದಂತೆ ತಲೆತಲಾಂತರದಿಂದ ಕಟ್ಟಿಕೊಂಡು ಬಂದ ಮಣ್ಣಿನ ಏರಿಗಳು. ಹಳ್ಳಿಗಳಲ್ಲಿ ಹಿರಿಯರು ಆಡುವುದು ಪ್ಲಾಟ್ ಎಂಬ ಉತ್ತರ ಜರ್ಮನಿಯ ಆಡುಮಾತು. ಇಂಥ ಜನ ಇಡೀ ದೇಶದ ಬಾಯಲ್ಲಿ 'ಪೆದ್ದರು' ಆಗಿದ್ದು ಹೇಗೆ? ಜೋಕುಗಳಿಗೆ ಸಾಮಾನ್ಯವಾಗಿ ಅಪ್ಪ ಅಮ್ಮ ಇರುವುದಿಲ್ಲ. ಈ ಜೋಕುಗಳಿಗೆ ಮಾತ್ರ ಹುಟ್ಟಿದ ಊರೂ ಗೊತ್ತು, ಕಾಲವೂ ಗೊತ್ತು.

ಪಕ್ಕದ ಅಮ್ಮರ್‌ಲಾಂಡ್ ಜಿಲ್ಲೆಯಲ್ಲಿ ವೆಸ್ಟರ್‌ಸ್ಟೇಡೆ ಎಂಬ ಸಣ್ಣ ಪಟ್ಟಣ ಇದೆ. ಅಲ್ಲಿನ ಶಾಲೆಗೆ ಓಸ್ಟ್‌ಫ್ರೀಸ್‌ಲಾಂಡ್ ಕಡೆಯ ಮಕ್ಕಳೂ ಓದಲು ಬರುತ್ತಿದ್ದರು. ಎರಡು ಕಡೆಯ ಹುಡುಗರು ಒಬ್ಬರ ಕಾಲು ಒಬ್ಬರು ಎಳೆಯುವುದು ಮಾಮೂಲಿ. 1968-69ರ ಹೊತ್ತಿಗೆ ಬೋರ್ವಿನ್ ಬಾಂಡೆಲೊ ಎಂಬ ವಿದ್ಯಾರ್ಥಿ ಶಾಲೆಯ ಪತ್ರಿಕೆ 'ಡೆರ್ ಟ್ರೊಂಪೇಟರ್'ನಲ್ಲಿ ಒಂದು ಸರಣಿ ಶುರು ಮಾಡಿದ. ವಿಜ್ಞಾನದ ಲೇಖನದ ಧಾಟಿಯಲ್ಲಿ, 'ಹೋಮೋ ಓಸ್ಟ್‌ಫ್ರಿಸಿಯೆನ್ಸಿಸ್' ಎಂಬ ಹೊಸ ಜೀವಿ ಪತ್ತೆಯಾಗಿದೆ ಎನ್ನುವಂತೆ ಬರೆದ. ಪಕ್ಕದ ಬೆಂಚಿನ ಹುಡುಗರನ್ನು ರೇಗಿಸುವುದಷ್ಟೇ ಅದರ ಉದ್ದೇಶ. ಆದರೆ ಅದು ಶಾಲೆಯ ಗೇಟು ದಾಟಿತು. ರೇಡಿಯೋ ಹಿಡಿಯಿತು, ವಾರಪತ್ರಿಕೆ ಹಿಡಿಯಿತು, ಎಪ್ಪತ್ತರ ದಶಕದಲ್ಲಿ ಇಡೀ ಪಶ್ಚಿಮ ಜರ್ಮನಿಗೆ ಹಬ್ಬಿತು. ಬರೆದ ಹುಡುಗ ಮುಂದೆ ಮನೋವೈದ್ಯನಾದ. ಆತಂಕದ ಕಾಯಿಲೆಗಳ ತಜ್ಞನಾಗಿ ಗಟ್ಟಿಂಗೆನ್‌ನಲ್ಲಿ ಪ್ರೊಫೆಸರ್ ಆದ.

ಒಂದು ಬಲ್ಬ್ ಬದಲಾಯಿಸಲು ಎಷ್ಟು ಜನ ಓಸ್ಟ್‌ಫ್ರೀಸರು ಬೇಕು? ಐದು ಜನ. ಒಬ್ಬ ಮೇಜಿನ ಮೇಲೆ ಹತ್ತಿ ಬಲ್ಬ್ ಹಿಡಿದುಕೊಳ್ಳಬೇಕು, ಉಳಿದ ನಾಲ್ವರು ಮೇಜನ್ನು ತಿರುಗಿಸಬೇಕು. ಈ ಜೋಕನ್ನು ನೀವೂ ಎಲ್ಲೋ ಕೇಳಿರುತ್ತೀರಿ, ಅಲ್ವಾ? ಅಮೆರಿಕದಲ್ಲಿ ಇದನ್ನೇ ಪೋಲೆಂಡಿನಿಂದ ವಲಸೆ ಬಂದವರ ಮೇಲೆ ಹೇಳುತ್ತಿದ್ದರು. ಅಂದರೆ ಬಲ್ಬಿನ ಜೋಕಿಗೂ ಓಸ್ಟ್‌ಫ್ರೀಸ್‌ಲಾಂಡಿಗೂ ಸಂಬಂಧವೇ ಇಲ್ಲ. ಜೋಕು ಮೊದಲೇ ತಯಾರಿತ್ತು. ಅದಕ್ಕೊಂದು ಊರು ಬೇಕಿತ್ತು.

ಹಾಗಾದರೆ ಆ ಊರನ್ನು ಆರಿಸುವುದು ಯಾರು? ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಕ್ರಿಸ್ಟೀ ಡೇವೀಸ್ ತಮ್ಮ ಬದುಕಿನ ಬಹುಭಾಗವನ್ನು ಇಂಥ ಜೋಕುಗಳ ಹಿಂದೆಯೇ ಕಳೆದರು. 1990ರಲ್ಲಿ ಬಂದ ಅವರ ದೊಡ್ಡ ಪುಸ್ತಕ ದೇಶದಿಂದ ದೇಶಕ್ಕೆ ಜೋಕುಗಳನ್ನು ಹೋಲಿಸಿ ನೋಡುತ್ತದೆ. ಅವರಿಗೆ ಕಂಡಿದ್ದು ಇಷ್ಟು: ಪೆದ್ದರು ಎನಿಸಿಕೊಳ್ಳುವವರು ಹೆಚ್ಚಾಗಿ ದೂರದ ಶತ್ರುಗಳಲ್ಲ, ಹತ್ತಿರದವರೇ. ನಮ್ಮದೇ ಭಾಷೆ, ಆದರೆ ಉಚ್ಚಾರ ಸ್ವಲ್ಪ ಬೇರೆ. ನಮ್ಮದೇ ಊಟ, ಆದರೆ ರುಚಿ ಸ್ವಲ್ಪ ಬೇರೆ. ಅವರು ಇರುವುದು ರಾಜಧಾನಿಯಿಂದ, ದೊಡ್ಡ ಪೇಟೆಯಿಂದ ದೂರದ ಅಂಚಿನಲ್ಲಿ. ಮಧ್ಯದಲ್ಲಿ ಕೂತವರಿಗೆ ಅವರು ತಮ್ಮದೇ ಹಳೇ ಮುಖದ ಹಾಗೆ ಕಾಣುತ್ತಾರೆ. ವೆಸ್ಟರ್‌ಸ್ಟೇಡೆಯೂ ಹೊಲ ಹಸುಗಳ ನಡುವಿನ ಊರೇ ಎಂಬುದನ್ನು ನೆನೆದರೆ ಈ ಮಾತು ಇನ್ನೂ ಸರಿ ಅನಿಸುತ್ತದೆ. ಬರ್ಲಿನ್ನಿನಿಂದ ನೋಡಿದವರಿಗೆ ಎರಡೂ ಊರು ಒಂದೇ.

ಈ ಚಾಳಿ ಎಷ್ಟು ಹಳೆಯದು ಅಂದರೆ, ನಮಗೆ ಸಿಕ್ಕಿರುವ ಅತಿ ಹಳೆಯ ನಗೆಹನಿ ಸಂಗ್ರಹದಲ್ಲೇ ಇದೆ. 'ಫಿಲೋಗೆಲೋಸ್' ಎಂಬ ಗ್ರೀಕ್ ಪುಸ್ತಕ ಸುಮಾರು 4-5ನೇ ಶತಮಾನದ್ದು. ಅದರಲ್ಲಿ 260ಕ್ಕೂ ಹೆಚ್ಚು ಜೋಕುಗಳಿವೆ. ಅಬ್ದೇರಾ, ಕ್ಯೂಮೆ, ಸೀಡೋನ್ ಎಂಬ ಮೂರು ಊರಿನವರ ಪಾಲಿಗೆ ಅಲ್ಲಿ ಪೆದ್ದುತನ ಬಂದಿದೆ. ಈರುಳ್ಳಿ ತಿಂದರೆ ಗಾಳಿ ಹುಟ್ಟುತ್ತದೆ ಅಂತ ಅಬ್ದೇರಾದವನೊಬ್ಬ ಕೇಳಿದ್ದ. ಒಮ್ಮೆ ಹಡಗಿನಲ್ಲಿ ಹೋಗುವಾಗ ಗಾಳಿ ನಿಂತುಹೋಯಿತು. ಅವನು ಒಂದು ಚೀಲದ ತುಂಬ ಈರುಳ್ಳಿ ತುಂಬಿಸಿ ಹಡಗಿನ ಹಿಂಬದಿಗೆ ಕಟ್ಟಿದ. ಇನ್ನೊಂದು ಸಂಗತಿ ಕೇಳಿ. ವಸ್ತುವೆಲ್ಲ ಅಣುಗಳಿಂದ ಆಗಿದೆ ಎಂದ ಡೆಮಾಕ್ರಿಟಸ್ ಹುಟ್ಟಿದ್ದು ಇದೇ ಅಬ್ದೇರಾದಲ್ಲಿ. ಜೋಕು ಕಟ್ಟುವವರು ಇಂಥ ದಾಖಲೆ ನೋಡುವುದಿಲ್ಲ.

ಇಂಗ್ಲೆಂಡಿಗೆ ಬಂದರೆ ಆ ಜಾಗದಲ್ಲಿ ಕೂತಿರುವುದು ನಾಟಿಂಗ್‌ಹ್ಯಾಮ್ ಪಕ್ಕದ ಗೋಥಮ್ ಹಳ್ಳಿ. ಕೋಗಿಲೆ ಇದ್ದರೆ ವಸಂತ ಹೋಗುವುದಿಲ್ಲ ಅಂತ ಕೋಗಿಲೆಯ ಸುತ್ತ ಬೇಲಿ ಕಟ್ಟಿದವರು ಇವರು. ಹಕ್ಕಿ ಮೇಲೆ ಹಾರಿಹೋದಾಗ, ಬೇಲಿ ಇನ್ನಷ್ಟು ಎತ್ತರ ಮಾಡಬೇಕಿತ್ತು ಅಂದರಂತೆ. ಇನ್ನೊಂದು ಕಥೆಯಲ್ಲಿ ಹನ್ನೆರಡು ಜನ ಮೀನು ಹಿಡಿಯಲು ಹೊಳೆಗೆ ಇಳಿಯುತ್ತಾರೆ. ದಡಕ್ಕೆ ಬಂದು ಎಣಿಸುತ್ತಾರೆ. ಪ್ರತಿಯೊಬ್ಬನೂ ತನ್ನನ್ನು ಬಿಟ್ಟು ಎಣಿಸುವುದರಿಂದ ಹನ್ನೊಂದೇ ಸಿಗುತ್ತದೆ. ಒಬ್ಬ ಮುಳುಗಿಹೋದ ಅಂತ ಗೋಳೋ ಅಂತ ಅಳುತ್ತಾರೆ. ಆ ದಾರಿಯಲ್ಲಿ ಬಂದ ಕುದುರೆ ಸವಾರನೊಬ್ಬ ಒಬ್ಬೊಬ್ಬರ ಹೆಗಲಿಗೂ ಚಾಟಿಯಿಂದ ಹೊಡೆಯುತ್ತಾ 'ಒಂದು, ಎರಡು' ಎಂದು ಎಣಿಸಿ ಹನ್ನೆರಡನೆಯವನನ್ನು ಹುಡುಕಿಕೊಡುತ್ತಾನೆ.

ಈ ಕಥೆ ನಮಗೆ ಹೊಸದಲ್ಲ. ಹೊಳೆ ದಾಟಿದ ಹತ್ತು ಜನ, ಎಣಿಸಿದರೆ ಒಂಬತ್ತೇ, ಕೊನೆಗೆ ದಾರಿಹೋಕನೊಬ್ಬ 'ಹತ್ತನೆಯವನು ನೀನೇ' ಎನ್ನುವುದು ವೇದಾಂತದ ಪ್ರಸಿದ್ಧ ದೃಷ್ಟಾಂತ. ಶೃಂಗೇರಿಯ ವಿದ್ಯಾರಣ್ಯರ ಹೆಸರಿನಲ್ಲಿರುವ 'ಪಂಚದಶಿ'ಯಲ್ಲೂ ಇದು ಬರುತ್ತದೆ. ಅಲ್ಲಿ ಆ ಹತ್ತು ಜನರಿಗೆ ಊರಿನ ಹೆಸರೇ ಇಲ್ಲ. ತನ್ನನ್ನು ತಾನು ಮರೆತವರು ಯಾರು ಬೇಕಾದರೂ ಆಗಬಹುದು. ಅದೇ ಕಥೆಗೆ ಗೋಥಮ್ ಎಂಬ ಹೆಸರು ಅಂಟಿದ ಕೂಡಲೇ ಅದು ಪಕ್ಕದ ಊರಿನವರು ನಗುವ ಕಥೆ ಆಯಿತು. ಒಂದು ಹೆಸರು ಇಷ್ಟು ವ್ಯತ್ಯಾಸ ಮಾಡುತ್ತದೆ ಅನ್ನುವುದು ನನ್ನನ್ನು ಬಹಳ ದಿನ ಕಾಡಿದೆ.

ಗೋಥಮ್‌ನವರು ತಮ್ಮ ಬಗ್ಗೆ ಬೇರೆಯೇ ಕಥೆ ಹೇಳುತ್ತಾರೆ. 13ನೇ ಶತಮಾನದ ಶುರುವಿನಲ್ಲಿ ಜಾನ್ ರಾಜ ಈ ಹಳ್ಳಿಯ ಮೂಲಕ ಹಾದುಹೋಗಬೇಕಿತ್ತಂತೆ. ರಾಜ ನಡೆದ ದಾರಿ ರಾಜಮಾರ್ಗ ಆಗಿಬಿಡುತ್ತದೆ. ಅದರ ಖರ್ಚು ಹಳ್ಳಿಯವರ ತಲೆಗೆ ಬೀಳುತ್ತದೆ. ಅದಕ್ಕೇ ರಾಜನ ಆಳುಗಳು ಬಂದಾಗ ಊರಿಗೆ ಊರೇ ಹುಚ್ಚರಂತೆ ಆಡಿತಂತೆ. ಕೋಗಿಲೆಗೆ ಬೇಲಿ ಕಟ್ಟಿದ್ದೂ ಆಗಲೇ. ಜರ್ಮನಿಯ ಶಿಲ್ಡಾ ಊರಿನ ಕಥೆಯೂ ಇದಕ್ಕೆ ಹತ್ತಿರ. 1598ರಲ್ಲಿ ಅಚ್ಚಾದ ಪುಸ್ತಕದ ಪ್ರಕಾರ ಶಿಲ್ಡಾದವರು ಮೊದಲು ಮಹಾ ಜಾಣರು. ಎಲ್ಲ ರಾಜರೂ ಸಲಹೆಗೆ ಕರೆಸಿಕೊಳ್ಳುತ್ತಿದ್ದರು. ಗಂಡಸರು ಊರಲ್ಲೇ ಇರುತ್ತಿರಲಿಲ್ಲ, ಹೊಲ ಮನೆ ಹಾಳಾಯಿತು. ಆಗ ಎಲ್ಲರೂ ಸೇರಿ, ಇನ್ನು ಮೇಲೆ ಪೆದ್ದರ ಹಾಗೆ ಇರೋಣ, ಆಗಲಾದರೂ ನಮ್ಮನ್ನು ಸುಮ್ನೆ ಬಿಡುತ್ತಾರೆ ಅಂತ ತೀರ್ಮಾನಿಸಿದರು. ಪುರಭವನ ಕಟ್ಟಿ ಕಿಟಕಿ ಇಡುವುದನ್ನೇ ಮರೆತರು. ಬಿಸಿಲನ್ನು ಚೀಲದಲ್ಲಿ ತುಂಬಿ ಒಳಗೆ ಹೊತ್ತು ತಂದು ಸುರಿದರು. ಆಡುತ್ತಾ ಆಡುತ್ತಾ ಪೆದ್ದುತನ ನಿಜವೇ ಆಗಿಹೋಯಿತು. ಈ ಎಲ್ಲ ಕಥೆಗಳಲ್ಲಿ ನನಗೆ ಜಾಸ್ತಿ ನೋವು ತರುವ ಸಾಲು ಇದೇ. ದೊಡ್ಡವರ ಕಣ್ಣಿನಿಂದ ತಪ್ಪಿಸಿಕೊಳ್ಳಲು ಹಾಕಿದ ವೇಷ ಮೈಗೇ ಅಂಟಿಕೊಂಡಿತು.

ಡೆನ್ಮಾರ್ಕ್‌ನಲ್ಲಿ ಈ ಪಾತ್ರ ಮೋಲ್ಸ್ ಎಂಬ ಪ್ರದೇಶದ್ದು. ಕೊಕ್ಕರೆ ಪೈರು ತುಳಿಯುತ್ತಿದೆ ಅಂತ ಅದನ್ನು ಓಡಿಸಲು ದನ ಕಾಯುವವನನ್ನು ಕಳಿಸಬೇಕು. ಅವನ ಪಾದ ದೊಡ್ಡದು, ಪೈರು ಇನ್ನೂ ಜಾಸ್ತಿ ಹಾಳಾದೀತು ಅಂತ ಎಂಟು ಜನ ಹೊಲದ ಗೇಟನ್ನೇ ಕಿತ್ತು, ಅವನನ್ನು ಅದರ ಮೇಲೆ ಕೂರಿಸಿ ಹೊಲದ ತುಂಬ ಹೊತ್ತು ತಿರುಗಿದರು. ಐರ್ಲೆಂಡಿನಲ್ಲಿ ಪೆದ್ದನಾಗುವವನು ನೈಋತ್ಯದ ಕೆರ್ರಿಯವನು. ಸ್ಪೇನಿನಲ್ಲಿ ಪೋರ್ಚುಗಲ್ ಗಡಿಯ ಬಳಿ ಸ್ಟ್ರಾಬೆರಿ ಬೆಳೆಯುವ ಲೇಪೆ ಊರಿನವನು.

ಪೆದ್ದನ ಜೊತೆಗೆ ಒಬ್ಬ ಜಿಪುಣನೂ ಬೇಕು. ಸ್ಪೇನಿನಲ್ಲಿ ಆ ಹೆಸರು ಕ್ಯಾಟಲೋನಿಯಾದವರಿಗೆ, ಐರ್ಲೆಂಡಿನಲ್ಲಿ ಕ್ಯಾವನ್‌ನವರಿಗೆ. ಆದರೆ ಜಿಪುಣತನದ ರಾಜಧಾನಿ ಅಂದರೆ ಬಲ್ಗೇರಿಯಾದ ಗಾಬ್ರೊವೊ. ಬಾಲ್ಕನ್ ಬೆಟ್ಟಗಳ ಬುಡದ ಈ ಊರು ಮೊದಲು ಕೈಕಸುಬಿನಿಂದ, ಆಮೇಲೆ ಬಟ್ಟೆ ಗಿರಣಿಗಳಿಂದ ಬದುಕಿತು. ಒಂದೊಂದು ಕಾಸನ್ನೂ ಎಣಿಸುವುದು ಅಲ್ಲಿ ಬದುಕುವ ದಾರಿಯೇ ಆಗಿತ್ತು. ಅತಿಥಿಗಳು ಬೆಣ್ಣೆ ಜಾಸ್ತಿ ತೆಗೆದುಕೊಳ್ಳದಂತೆ ಗಾಬ್ರೊವೊದವರು ಚಾಕುವನ್ನು ಬಿಸಿ ಮಾಡಿ ಇಡುತ್ತಾರಂತೆ. ಸವೆಯದಿರಲಿ ಅಂತ ರಾತ್ರಿ ಗಡಿಯಾರ ನಿಲ್ಲಿಸುತ್ತಾರಂತೆ. ಬೆಕ್ಕಿನ ಬಾಲ ಕತ್ತರಿಸುತ್ತಾರಂತೆ. ಚಳಿಗಾಲದಲ್ಲಿ ಬೆಕ್ಕು ಒಳಗೆ ಬರುವಾಗ ಬಾಲ ಗಿಡ್ಡ ಇದ್ದರೆ ಬಾಗಿಲು ಬೇಗ ಮುಚ್ಚಬಹುದು, ಒಳಗಿನ ಬಿಸಿ ಹೊರಗೆ ಹೋಗುವುದಿಲ್ಲ. ಗಾಬ್ರೊವೊ ಈ ಮಾತುಗಳಿಗೆ ಸಿಟ್ಟಾಗಲಿಲ್ಲ. 1972ರ ಏಪ್ರಿಲ್ 1ರಂದು ಹಳೇ ಚರ್ಮದ ಕಾರ್ಖಾನೆಯೊಂದರಲ್ಲಿ ಹಾಸ್ಯ ಮತ್ತು ವಿಡಂಬನೆಯ ಮ್ಯೂಸಿಯಂ ತೆರೆಯಿತು. ಬಾಲ ಕತ್ತರಿಸಿದ ಆ ಬೆಕ್ಕೇ ಇವತ್ತು ಊರಿನ ಗುರುತು.

ಇಲ್ಲಿಯವರೆಗೆ ನಗು. ಇಟಲಿಗೆ ಬಂದಾಗ ಮಾತ್ರ ನಗು ಗಂಟಲಲ್ಲೇ ನಿಲ್ಲುತ್ತದೆ. ಅಲ್ಲಿ ದಕ್ಷಿಣದವರು ಉತ್ತರದವರನ್ನು 'ಪೊಲೆಂತೋನೆ' ಅನ್ನುತ್ತಾರೆ, ಅಂದರೆ ಮೆಕ್ಕೆಜೋಳದ ಗಂಜಿ ತಿನ್ನುವವನು. ಉತ್ತರದವರು ದಕ್ಷಿಣದವರನ್ನು 'ತೆರ್ರೋನೆ' ಅನ್ನುತ್ತಾರೆ, ಅಂದರೆ ಮಣ್ಣಿನವನು. ಕೇಳಲು ಎರಡೂ ಸಮ. ಆದರೆ 1861ರಲ್ಲಿ ದೇಶ ಒಂದಾದ ಮೇಲೆ ಕಾರ್ಖಾನೆಗಳು, ಬ್ಯಾಂಕುಗಳು ಬೆಳೆದದ್ದು ಉತ್ತರದಲ್ಲಿ. 1898ರಲ್ಲಿ ಆಲ್ಫ್ರೆಡೊ ನಿಚೆಫೊರೊ ಎಂಬ ವಿದ್ವಾಂಸ ದಕ್ಷಿಣದವರು ಹುಟ್ಟಿನಿಂದಲೇ ಹಿಂದುಳಿದ ಜನಾಂಗ ಅಂತ ಪುಸ್ತಕ ಬರೆದ. ಅವನು ಹುಟ್ಟಿದ್ದು ದಕ್ಷಿಣದ ಸಿಸಿಲಿಯಲ್ಲೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ದಕ್ಷಿಣದ ಲಕ್ಷಾಂತರ ಜನ ಕೆಲಸ ಹುಡುಕಿ ರೈಲು ಹತ್ತಿ ಟ್ಯೂರಿನ್, ಮಿಲಾನ್‌ಗೆ ಬಂದರು. ಟ್ಯೂರಿನ್‌ನಲ್ಲಿ ಅವರನ್ನು ಎದುರುಗೊಂಡಿದ್ದು ಮನೆ ಬಾಗಿಲಿನ ಬೋರ್ಡು: 'ದಕ್ಷಿಣದವರಿಗೆ ಬಾಡಿಗೆಗೆ ಇಲ್ಲ'.

ಊರಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು, ಹಗ್ಗ ಕಟ್ಟಿದ ಪೆಟ್ಟಿಗೆ ಹಿಡಿದು ಆ ಬೋರ್ಡಿನ ಮುಂದೆ ನಿಂತವನಿಗೆ 'ತೆರ್ರೋನೆ' ಅನ್ನುವುದು ತಮಾಷೆ ಆಗಿರಲು ಸಾಧ್ಯವೇ? ಜೋಕು ಹಗುರವಾಗಿ ಶುರುವಾಗುತ್ತದೆ ನಿಜ. ಮನೆ ಕೊಡುವವನು, ಕೆಲಸ ಕೊಡುವವನು ಅದನ್ನು ನಂಬಿದ ದಿನ ಅದು ಜೋಕಾಗಿ ಉಳಿಯುವುದಿಲ್ಲ. 2005ರಲ್ಲಿ ಇಟಲಿಯ ಅತ್ಯುನ್ನತ ನ್ಯಾಯಾಲಯ ಆ ಪದ ಅವಮಾನಕರ ಎಂದು ಹೇಳಿತು. ರೈಲು ಹತ್ತಿ ಬಂದವರ ಮಕ್ಕಳು ಅಷ್ಟರಲ್ಲಿ ಟ್ಯೂರಿನ್‌ನವರೇ ಆಗಿದ್ದರು.

ಓಸ್ಟ್‌ಫ್ರೀಸ್‌ಲಾಂಡ್ ಈ ಕಹಿಯನ್ನು ಅಷ್ಟಾಗಿ ಕಾಣಲಿಲ್ಲ. ಅಲ್ಲಿನವರು ಜೋಕುಗಳನ್ನು ತಾವೇ ಹೇಳಲು ಶುರು ಮಾಡಿದರು. ಹೊರಗಿನವರು ಬಂದರೆ ಮೊದಲು ಚಹಾ ಕೊಡುತ್ತಾರೆ. ವರ್ಷಕ್ಕೆ ಒಬ್ಬೊಬ್ಬರು ಸುಮಾರು 300 ಲೀಟರ್ ಚಹಾ ಕುಡಿಯುವ ಜನ ಇವರು. ಬಟ್ಟಲಿಗೆ ಮೊದಲು ದೊಡ್ಡ ಕಲ್ಲುಸಕ್ಕರೆ ಹಾಕುತ್ತಾರೆ. ಮೇಲೆ ಬಿಸಿ ಚಹಾ ಬಿದ್ದಾಗ ಅದು ಚಟಚಟ ಅನ್ನುತ್ತದೆ. ಬಟ್ಟಲಿನ ಅಂಚಿನಿಂದ ಚಮಚದಲ್ಲಿ ಕೆನೆ ಬಿಡುತ್ತಾರೆ. ಅದು ಕೆಳಗಿಳಿದು ಮೋಡದ ಹಾಗೆ ಮೇಲೇಳುತ್ತದೆ. ಕಲಕಬಾರದು. ಮೊದಲು ಕೆನೆ, ಆಮೇಲೆ ಕಹಿ, ಕೊನೆಗೆ ಸಿಹಿ. ಮೂರು ಬಟ್ಟಲು ಕುಡಿಯುವುದು ವಾಡಿಕೆ. ಸಾಕು ಅನಿಸಿದರೆ ಚಮಚವನ್ನು ಬಟ್ಟಲೊಳಗೆ ಇಡಬೇಕು, ಇಲ್ಲದಿದ್ದರೆ ಮತ್ತೆ ತುಂಬಿಸುತ್ತಾರೆ.

ಜರ್ಮನಿಯ ಅತಿ ಜನಪ್ರಿಯ ಹಾಸ್ಯನಟರಲ್ಲಿ ಒಬ್ಬನಾದ ಓಟ್ಟೊ ವಾಲ್ಕೆಸ್ ಹುಟ್ಟಿದ್ದು 1948ರಲ್ಲಿ, ಇಲ್ಲಿನ ಎಮ್‌ಡೆನ್ ಪಟ್ಟಣದಲ್ಲಿ. ತಾನು ಓಸ್ಟ್‌ಫ್ರೀಸ್‌ಲಾಂಡಿನವನು ಅಂತ ಅವನು ವೇದಿಕೆ ಮೇಲೆ ಎಂದೂ ಮುಚ್ಚಿಡಲಿಲ್ಲ, ಅದನ್ನೇ ಹೇಳಿಕೊಂಡು ದೇಶವನ್ನು ನಗಿಸಿದ. ಕುಪ್ಪಳಿಸುತ್ತಾ ಓಡುವುದು ಅವನ ಗುರುತು. ಈಗ ಎಮ್‌ಡೆನ್‌ನಲ್ಲಿ ರಸ್ತೆ ದಾಟುವಾಗ ತಲೆ ಎತ್ತಿ ಸಿಗ್ನಲ್ ನೋಡಿ. ಹಸಿರು ದೀಪದೊಳಗೆ ಕುಪ್ಪಳಿಸುತ್ತಿರುವವನು ಅವನೇ.