ಕೊರಡಿನ ಮೇಲೆ ಕೂತ ಹಕ್ಕಿ

ಪುಸ್ತಕದಲ್ಲಿ ಅಚ್ಚಾದ ಇನ್ನೂರು ವರ್ಷ ಹಳೆಯ ಹಕ್ಕಿ ಚಿತ್ರ ತೋರಿಸಿದರೆ, 'ಇಷ್ಟು ನಾಜೂಕು ಗೆರೆ ತಾಮ್ರದ ಮೇಲೇ ಕೆತ್ತಿರಬೇಕು' ಅನ್ನುವವರು ಇದ್ದಾರೆ. ಮರ ಮೆದು, ಲೋಹ ಗಟ್ಟಿ ಅನ್ನುವ ಲೆಕ್ಕ. ಚಿತ್ರದ ಅಚ್ಚು ಕೆತ್ತುತ್ತಿದ್ದ ಥಾಮಸ್ ಬ್ಯೂಯಿಕ್ ವಿಷಯದಲ್ಲಿ ಇದು ಪೂರ್ತಿ ತಲೆಕೆಳಗು. 1797ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಬಂದ ಅವನ ಹಕ್ಕಿ ಪುಸ್ತಕದ ರಾಬಿನ್, ರೆನ್, ಯೆಲ್ಲೋಹ್ಯಾಮರ್ ಎಲ್ಲವೂ ಮರದ ಅಚ್ಚಿನವು.

ಗುಟ್ಟಿರುವುದು ಮರ ಕೊಯ್ದ ದಿಕ್ಕಿನಲ್ಲಿ. ಸೌದೆ ಒಡೆದವರಿಗೆ ಗೊತ್ತು, ಮರ ಉದ್ದಕ್ಕೆ ಸಲೀಸಾಗಿ ಸೀಳುತ್ತದೆ. ಹಲಗೆಯ ಮೇಲೆ ಕೆತ್ತಲು ಹೋದರೆ ಉಳಿಯೂ ನಾರಿನ ಜೊತೆ ಜಾರುತ್ತದೆ. ಅದೇ ಕಾಂಡವನ್ನು ಸೌತೆಕಾಯಿ ಬಿಲ್ಲೆಯ ಹಾಗೆ ಅಡ್ಡ ಕೊಯ್ಯಿರಿ. ಈಗ ನಾರುಗಳೆಲ್ಲ ತುದಿ ಮೇಲೆ ಮಾಡಿ ನಿಂತಿವೆ, ಬಿಗಿಯಾಗಿ ಕಟ್ಟಿ ನಿಲ್ಲಿಸಿದ ಕಡ್ಡಿ ಪೊರಕೆಯಂತೆ. ಮಟನ್ ಅಂಗಡಿಯ ಹುಣಸೆ ಕೊರಡು ನೋಡಿ. ಅದೂ ಅಡ್ಡ ಕೊಯ್ದದ್ದೇ. ವರ್ಷಗಟ್ಟಲೆ ಮಚ್ಚಿನೇಟು ತಿಂದರೂ ಸೀಳುವುದಿಲ್ಲ. ಬ್ಯೂಯಿಕ್ ಬಳಸಿದ್ದು 'ಬಾಕ್ಸ್' ಎಂಬ ಜಾತಿಯ ಮರ. ತೀರಾ ನಿಧಾನವಾಗಿ ಬೆಳೆಯುತ್ತದೆ, ಅದಕ್ಕೇ ಅಷ್ಟು ಗಟ್ಟಿ. ಕಾಂಡ ಸಣ್ಣದು, ಹಾಗಾಗಿ ಅವನ ಹಕ್ಕಿಗಳೂ ಸಣ್ಣವು.

ಅವನು 14ನೇ ವಯಸ್ಸಿಗೆ ರಾಲ್ಫ್ ಬೀಲ್ಬಿ ಎಂಬ ಕೆತ್ತನೆಗಾರನ ಬಳಿ ಕೆಲಸ ಕಲಿಯಲು ಸೇರಿದ್ದ. ಅಲ್ಲಿ ಲೋಹದ ಮೇಲೆ ಕೆತ್ತುವುದೇ ಜಾಸ್ತಿ. ಆ ಉಳಿಯನ್ನೇ ಮರಕ್ಕೆ ತಂದ.

ಮರದ ಅಚ್ಚು ರಬ್ಬರ್ ಸ್ಟಾಂಪಿನಂತೆ. ಉಳಿದ ಜಾಗಕ್ಕೆ ಮಸಿ, ಕೆತ್ತಿದ ಜಾಗ ಬಿಳಿ. ಹಳಬರು ಒಂದು ಕಪ್ಪು ಗೆರೆ ಉಳಿಸಲು ಅದರ ಅಕ್ಕಪಕ್ಕವೆಲ್ಲ ಕೆತ್ತಿ ತೆಗೆಯುತ್ತಿದ್ದರು. ಬ್ಯೂಯಿಕ್ ಸ್ಲೇಟಿನ ಮೇಲೆ ಬಳಪ ಆಡಿಸಿದಂತೆ ಬಿಳಿಯಲ್ಲೇ ಬರೆದ. ಅಂಗಳದ ರಂಗೋಲಿಯೂ ಹೀಗೇ ಅಲ್ವಾ? ಗರಿಯ ಒಂದೊಂದು ಎಳೆಯೂ ಒಂದೊಂದು ಗೀರು. ದೂರದ ಪೊದೆ ಮಸುಕಾಗಿ ಕಾಣಬೇಕಾದರೆ ಮರದ ಆ ಭಾಗವನ್ನು ಒಂಚೂರು ತಗ್ಗಿಸುತ್ತಿದ್ದ. ಅಲ್ಲಿ ಒತ್ತಡ ಕಡಿಮೆ, ಮಸಿಯೂ ತೆಳು.

ತಾಮ್ರದ ತಗಡಿನಲ್ಲಿ ಮಸಿ ಗೆರೆಯೊಳಗೆ ಕೂರುತ್ತದೆ. ಅದಕ್ಕೆ ಬೇರೆಯದೇ ಯಂತ್ರ ಬೇಕು, ತಗಡೂ ಬೇಗ ಸವೆಯುತ್ತದೆ. ಮರದ ಅಚ್ಚಾದರೆ ಸೀಸದ ಅಕ್ಷರಗಳ ಪಕ್ಕದಲ್ಲೇ ಕೂತು ಒಂದೇ ಏಟಿಗೆ ಅಚ್ಚಾಗುತ್ತದೆ. ಪತ್ರಿಕೆಯೊಂದಕ್ಕೆ ಕೆತ್ತಿದ ಸಣ್ಣ ಅಚ್ಚು 9 ಲಕ್ಷಕ್ಕೂ ಜಾಸ್ತಿ ಸಲ ಒತ್ತಿಸಿಕೊಂಡಿತ್ತು ಎಂದು ಅವನೇ ಬರೆದಿಟ್ಟಿದ್ದಾನೆ. ಮರ ಮೆದುವಂತೆ!

1791ರಲ್ಲಿ ವಿಕ್ಲಿಫ್ ಎಂಬಲ್ಲಿನ ಸಂಗ್ರಹಕ್ಕೆ ಹೋಗಿ, ಒಳಗೆ ತುಂಬಿಸಿ ನಿಲ್ಲಿಸಿದ ಹಕ್ಕಿಗಳನ್ನು ನೋಡಿ ಚಿತ್ರ ಬರೆದ. ಅವುಗಳ ಸೆಟೆದ ನಿಲುವು ಅವನಿಗೆ ಹಿಡಿಸಲಿಲ್ಲ. ಜೀವಂತ ಹಕ್ಕಿ ಇಲ್ಲವೇ ಆಗಷ್ಟೇ ಹೊಡೆದದ್ದೇ ಬೇಕು ಅಂದ.

ಅಂದಹಾಗೆ, ಬಣ್ಣದ ಬ್ಯೂಯಿಕ್ ರಾಬಿನ್ ಎಲ್ಲಾದರೂ ಕಂಡರೆ ಆ ಬಣ್ಣ ಅಚ್ಚಿನದಲ್ಲ, ಆಮೇಲೆ ಹಚ್ಚಿದ್ದು. ಅವನ ಅಚ್ಚಿನಲ್ಲಿ ರಾಬಿನ್ನಿನ ಕೆಂಪೆದೆಯೂ ಕಪ್ಪು ಮಸಿ ಮತ್ತು ಬಿಳಿ ಗೀರು, ಅಷ್ಟೇ.