ಕೆಳ ನ್ಯಾಯಾಲಯದಲ್ಲಿ ಎತ್ತದ ತಕರಾರು ಮೇಲ್ಮನವಿಯಲ್ಲಿ ನಿಲ್ಲುತ್ತದೆಯೇ?

ಪ್ರಶ್ನೆ: ಗಾಂಜಾ ಪ್ರಕರಣದಲ್ಲಿ ನನ್ನ ತಮ್ಮನಿಗೆ ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿದೆ. ವಿಚಾರಣೆಯಲ್ಲಿ ನಮ್ಮ ವಕೀಲರು ಎತ್ತದ ತಕರಾರನ್ನು ಹೈಕೋರ್ಟಿನಲ್ಲಿ ಎತ್ತಬಹುದೇ? ಇಲ್ಲವಾದರೆ ಶಿಕ್ಷೆಯಾದರೂ ಕಡಿಮೆಯಾದೀತೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಮಂಡ್ಯ, ಮೈಸೂರು ಜಿಲ್ಲೆಗಳ ಇಂಥ ಮೇಲ್ಮನವಿಗಳು ಬೆಂಗಳೂರಿನ ಪ್ರಧಾನ ಪೀಠಕ್ಕೆ ಹೋಗುತ್ತವೆ. ತೀರ್ಪಿನ ದೃಢೀಕೃತ ಪ್ರತಿ ಪಡೆಯಲು ಹಿಡಿದ ದಿನಗಳನ್ನು ಬಿಟ್ಟು 60 ದಿನಗಳೊಳಗೆ ಸಲ್ಲಿಸಬೇಕು.

ತಕರಾರು ಕಾನೂನಿನದಾಗಿದ್ದು, ಅದಕ್ಕೆ ಬೇಕಾದ ಸಂಗತಿಗಳು ಕಡತದಲ್ಲೇ ಇದ್ದರೆ ಮೇಲ್ಮನವಿಯಲ್ಲಿ ಮೊದಲ ಬಾರಿಗೆ ಎತ್ತಲು ಅಡ್ಡಿಯಿಲ್ಲ. ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಸಮಕ್ಷಮ ಶೋಧನೆಗೊಳಗಾಗುವ ಹಕ್ಕನ್ನು ಆಪಾದಿತನಿಗೆ ತಿಳಿಸಲೇಬೇಕೆಂದು, ಮಾದಕ ವಸ್ತುಗಳ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯ 50ನೇ ಕಲಮಿನ ಬಗ್ಗೆ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2010ರಲ್ಲಿ ಹೇಳಿದೆ. ತಿಳಿಸಲಿಲ್ಲವೆಂದು ತನಿಖಾಧಿಕಾರಿಯೇ ಸಾಕ್ಷ್ಯದಲ್ಲಿ ಒಪ್ಪಿದ್ದರೆ ಆ ಅಂಶ ಇಂದಿಗೂ ಜೀವಂತ. ಆದರೆ ಈ ಕಲಮು ಮೈಶೋಧನೆಗಷ್ಟೇ ಅನ್ವಯಿಸುತ್ತದೆ, ಕೈಚೀಲಕ್ಕಲ್ಲ. ಇದನ್ನೇ ನಂಬಿ ಕುಳಿತ ಕುಟುಂಬಗಳಿಗೆ ಈ ಮಾತು ಕಠಿಣವೆನಿಸುತ್ತದೆ, ಆದರೂ ಹೇಳಲೇಬೇಕು.

ಸಂಗತಿಯನ್ನೇ ಅವಲಂಬಿಸಿದ ತಕರಾರಿನ ಗತಿ ಬೇರೆ. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಬಿಟ್ಟ ಅಥವಾ ಕಾಯಿ ಕಟ್ಟಿದ ತುದಿಗಳು. ತುದಿಗಳಿಲ್ಲದ ಬರಿಯ ಎಲೆ, ಬೀಜಗಳು ಅದರಲ್ಲಿ ಸೇರುವುದಿಲ್ಲ. ಮಹಜರಿನಲ್ಲಿ ‘ಒಂದು ಚೀಲ, 21 ಕೆ.ಜಿ.’ ಎಂದಷ್ಟೇ ಬರೆದಿದೆ ಎಂದಿಟ್ಟುಕೊಳ್ಳಿ. ಚೀಲದಲ್ಲಿ ಏನೇನಿತ್ತು, ಬರಿಯ ಎಲೆಯನ್ನು ಬೇರ್ಪಡಿಸಿ ತೂಗಿದರೇ, ಚೀಲದ ತೂಕ ಕಳೆದರೇ ಎಂದು ಪಂಚರನ್ನು (ಮಹಜರಿನ ಸಾಕ್ಷಿಗಳನ್ನು) ಪಾಟಿ ಸವಾಲಿನಲ್ಲಿ ಒಂದು ಮಾತೂ ಕೇಳದಿದ್ದರೆ, ಕಠಿಣ ಶಿಕ್ಷೆ ತರುವ ‘ವಾಣಿಜ್ಯ ಪ್ರಮಾಣ’ದ ಗಡಿಯಾದ 20 ಕೆ.ಜಿ.ಯ ಆಚೀಚೆಯ ಆ ಒಂದು ಕಿಲೋ ಬಗ್ಗೆ ಹೈಕೋರ್ಟಿನಲ್ಲಿ ವಾದಿಸಲು ಆಧಾರವೇ ಸಿಗದೆ ಹೋಗಬಹುದು. ಕಾರ್ಯವಿಧಾನದ ಲೋಪದಿಂದ ನಿಜಕ್ಕೂ ಅನ್ಯಾಯವಾಗಿದೆಯೇ, ತಕರಾರನ್ನು ಮೊದಲೇ ಎತ್ತಬಹುದಿತ್ತಲ್ಲವೇ ಎಂಬುದನ್ನೂ ಕಾನೂನು ನೋಡುತ್ತದೆ.

ಶಿಕ್ಷೆ ಕಡಿತದ ಉತ್ತರವೂ ಆ ತೂಕದಲ್ಲೇ ಇದೆ. 20 ಕೆ.ಜಿ.ಗಿಂತ ಹೆಚ್ಚಿನ ಗಾಂಜಾಕ್ಕೆ ಕನಿಷ್ಠ 10 ವರ್ಷ ಸೆರೆ, 1 ಲಕ್ಷ ರೂಪಾಯಿ ದಂಡ. ಅಪರಾಧ ಸಾಬೀತೆಂದಾದರೆ ಹೈಕೋರ್ಟ್ ಅದಕ್ಕಿಂತ ಕೆಳಗಿಳಿಯಲಾರದು, ಕನಿಷ್ಠವನ್ನು ಮೀರಿ ವಿಧಿಸಿದ್ದರೆ ಮಾತ್ರ ಕಾರಣ ಕೇಳಬಹುದು. 1 ಕೆ.ಜಿ.ಗಿಂತ ಹೆಚ್ಚು, 20 ಕೆ.ಜಿ. ಮೀರದಿದ್ದರೆ 10 ವರ್ಷ ಗರಿಷ್ಠ ಮಿತಿ; ಕನಿಷ್ಠವೆಂಬುದಿಲ್ಲ. ಅಲ್ಲಿ ವಯಸ್ಸು, ಹಿಂದೆ ಶಿಕ್ಷೆಯಾಗಿಲ್ಲದಿರುವುದು, ಮನೆಯ ಜವಾಬ್ದಾರಿ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಮಹಜರು, ಸಾಕ್ಷಿಗಳ ಹೇಳಿಕೆ ಮತ್ತು ಶಿಕ್ಷೆಯ ಪ್ರಮಾಣದ ವಿಚಾರಣೆಯಲ್ಲಿ ನಿಮ್ಮ ಪರವಾಗಿ ಹೇಳಿದ್ದೆಲ್ಲದರ ದೃಢೀಕೃತ ಪ್ರತಿಗಳನ್ನು ಈ ವಾರವೇ ಪಡೆದು, ಮೇಲ್ಮನವಿಯ ವಕೀಲರ ಜೊತೆ ಕುಳಿತು ಪಾಟಿ ಸವಾಲನ್ನು ಸಾಲುಸಾಲಾಗಿ ಓದಿ.